ಕ್ರಿಸ್ಮಸ್ ತಿಂಡಿ ಕೈಕೊಟ್ಟರೆ ಮೊದಲು ಏನು ನೋಡಬೇಕು? ಬೀದರ್ ಅಡುಗೆಮನೆಗೊಂದು ದೋಷ ನಿವಾರಣೆ ಕೈಪಿಡಿ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಬೀದರ್‌ನ ಮಂಗಲಪೇಟೆ ಕಡೆ ಸಂಜೆ ಹೊತ್ತು ಕರಿಯುವ ವಾಸನೆ ಶುರು. ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿ, ಬೇಸನ್ ಉಂಡಿ, ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ಗುಲಾಬಿ ಹೂವು, ಜೊತೆಗೊಂದು ಕೇಕ್. ಕ್ಯಾರಲ್ ಹಾಡಲು ಬಂದವರ ಕೈಗೆ ಕೊಡಬೇಕು, ಅಕ್ಕಪಕ್ಕದ ಮನೆಗಳಿಗೆ ತಾಟು ಕಳಿಸಬೇಕು, ಹೊಸ ವರ್ಷದ ಆರಾಧನೆ ಮುಗಿಯುವವರೆಗೆ ಡಬ್ಬಿ ಖಾಲಿಯಾಗಬಾರದು. ಇಷ್ಟೆಲ್ಲ ಒಟ್ಟಿಗೆ ಮಾಡುವಾಗ ಏನಾದರೊಂದು ಕೆಡುತ್ತದೆ.

ಕೆಟ್ಟ ಕೂಡಲೇ ನಾವು ಬೈಯುವುದು ಅಳತೆಯನ್ನು. "ಆಯಿ ಹೇಳಿದ ಹಂಗೇ ಹಾಕೀನಿ, ಆದ್ರೂ ಹಿಂಗ್ಯಾಕಾತು?" ಆಯಿಯ ಅಳತೆ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಎಡವಟ್ಟಾಗಿರುವುದು ಉರಿಯಲ್ಲಿ, ಇಲ್ಲವೇ ಹಿಟ್ಟಿನ ತೇವದಲ್ಲಿ. ಅವೆರಡನ್ನೂ ನೋಡದೆ ಮೈದಾ, ಸಕ್ಕರೆ, ಸೋಡಾ ಹೆಚ್ಚುಕಡಿಮೆ ಮಾಡಲು ಹೋದರೆ ಒಂದು ತಪ್ಪು ನಾಲ್ಕಾಗುತ್ತದೆ.

ಇಲ್ಲಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಜ್ಯದಲ್ಲಿ ಹೆಚ್ಚು ಚಳಿ ಬೀಳುವ ಊರುಗಳಲ್ಲಿ ಬೀದರ್ ಒಂದು. ಡಿಸೆಂಬರ್ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದು ಮಾಮೂಲು. ಗಾಳಿ ಒಣ. ಮಂಗಳೂರಿನವರು ವಿಡಿಯೋದಲ್ಲಿ ತೋರಿಸುವ ಹಿಟ್ಟು ಅಲ್ಲಿ ಸ್ವಲ್ಪ ಹೊತ್ತು ತೆರೆದಿಟ್ಟರೂ ಮೆತ್ತಗಿರುತ್ತದೆ. ನಮ್ಮಲ್ಲಿ ಸ್ವಲ್ಪ ಹೊತ್ತಿಗೇ ಮೇಲೆ ಒಣ ಪದರ ಕಟ್ಟುತ್ತದೆ. ಬೆಣ್ಣೆ ಚಮಚಕ್ಕೆ ಬಗ್ಗುವುದಿಲ್ಲ, ತುಪ್ಪ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ಚಳಿ ಸ್ವಲ್ಪ ಕಡಿಮೆ ಇರಬಹುದು, ಒಣಗಾಳಿ ಮಾತ್ರ ಅದೇ.

ಏನು ಕೆಟ್ಟಿದ್ದರೂ ಮೊದಲು ಇಷ್ಟು ನೋಡಿ

ಕೆಲಸ ನಿಲ್ಲಿಸಿ. ಕಡಾಯಿಗೆ ಹತ್ತು ಬಿಟ್ಟಿದ್ದರೆ ಅವನ್ನು ತೆಗೆದು, ಮುಂದೆ ಒಂದನ್ನೇ ಬಿಟ್ಟು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಉರಿಯನ್ನೂ ಹಿಟ್ಟನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಎಣ್ಣೆ ಪರೀಕ್ಷೆಗೆ ಕಡಲೆಕಾಳಿನಷ್ಟು ಹಿಟ್ಟು ಸಾಕು. ಎಣ್ಣೆಗೆ ಬಿಟ್ಟಾಗ ತಳಕ್ಕೆ ಹೋಗಿ, ಸುತ್ತ ಸಣ್ಣ ಗುಳ್ಳೆ ಎಬ್ಬಿಸುತ್ತ ನಿಧಾನಕ್ಕೆ ಮೇಲೆ ಬಂದರೆ ಸರಿಯಾದ ಬಿಸಿ. ತಳದಲ್ಲೇ ಕೂತರೆ ಎಣ್ಣೆ ತಣ್ಣಗಿದೆ. ಬಿಟ್ಟ ಕೂಡಲೇ ಮೇಲೆದ್ದು ಕಂದಾದರೆ ಜಾಸ್ತಿ ಕಾದಿದೆ. ಥರ್ಮಾಮೀಟರ್ ಇದ್ದವರು 160ರಿಂದ 175 ಡಿಗ್ರಿ ನಡುವೆ ಇಟ್ಟುಕೊಳ್ಳಿ.

ಬೇಕಿಂಗ್ ಪೌಡರ್ ಹಳೆಯದಾ ಅಂತ ನೋಡಲು ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿ. ಭರ್ರನೆ ನೊರೆ ಬಂದರೆ ಜೀವ ಇದೆ. ಸೋಡಾಕ್ಕೆ ನೀರು ಸಾಲದು, ನಿಂಬೆರಸ ಹಿಂಡಬೇಕು. ಸುಮ್ನೆ ಕೂತರೆ ಆ ಡಬ್ಬಿಯನ್ನು ಪಾತ್ರೆ ತಿಕ್ಕಲು ಇಟ್ಟುಕೊಳ್ಳಿ.

ಕೊನೆಯದು ಗಿಲಾಸು. ಆಯಿಯ ಕಾಲದ ಹಿತ್ತಾಳೆ ಗಿಲಾಸೂ ನಿಮ್ಮ ಸ್ಟೀಲ್ ಗಿಲಾಸೂ ಒಂದೇ ಅಳತೆಯವಲ್ಲ. ಎಲ್ಲ ಸಾಮಾನನ್ನೂ ಒಂದೇ ಗಿಲಾಸಿನಿಂದ ಅಳೆದರೆ ತೊಂದರೆ ಇಲ್ಲ. ಮೈದಾವನ್ನು ಇವರ ಗಿಲಾಸಿನಿಂದ, ಹಾಲನ್ನು ಅವರ ಲೋಟದಿಂದ ಅಳೆದಾಗ ಕಥೆ ಕೆಡುತ್ತದೆ. ತತ್ತಿಯ ವಿಷಯದಲ್ಲೂ ಹೀಗೇ. ಹಳೆಯ ಅಳತೆ ಜವಾರಿ ಕೋಳಿ ತತ್ತಿಯದು, ಅದು ಸಣ್ಣದು. ಫಾರಂ ತತ್ತಿ ಹಾಕುವವರು ಜವಾರಿ ಐದಿದ್ದ ಕಡೆ ನಾಲ್ಕು ಹಾಕಿದರೆ ಸಾಕು.

"ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಟ್ಟಿತು"

ಹೆಚ್ಚು ಮನೆಗಳಲ್ಲಿ ಕೇಳಿಬರುವ ದೂರು ಇದೇ. ನಷ್ಟವೂ ಇದರಲ್ಲೇ ಜಾಸ್ತಿ. ಒಂದು ಬಾಯಿ ಬಿಟ್ಟರೆ ಒಳಗಿನ ಕೊಬ್ಬರಿ, ಸಕ್ಕರೆ ಎಣ್ಣೆಗೆ ಬಿದ್ದು ಸುಟ್ಟು, ಮುಂದಿನ ಹತ್ತಕ್ಕೂ ಕರಿ ಚುಕ್ಕೆ ಅಂಟುತ್ತದೆ.

ಮೊದಲು ಬಾಯಿ ಎಲ್ಲಿ ಬಿಟ್ಟಿದೆ ನೋಡಿ. ಅಂಚಿನಲ್ಲಿ ಬಿಟ್ಟಿದ್ದರೆ ಮುಚ್ಚಿದ್ದು ಸರಿಯಾಗಿಲ್ಲ. ಹೊಟ್ಟೆಯಲ್ಲಿ ಸೀಳಿದ್ದರೆ ಹೂರಣ ಜಾಸ್ತಿ, ಇಲ್ಲವೇ ಒಳಗೆ ಗಾಳಿ ಉಳಿದಿದೆ.

ಅಂಚು ಬಿಡಲು ನಮ್ಮಲ್ಲಿ ಮುಖ್ಯ ಕಾರಣ ಒಣಗಾಳಿ. ಒಬ್ಬರು ಲಟ್ಟಿಸುತ್ತಾರೆ, ಇನ್ನೊಬ್ಬರು ತುಂಬುತ್ತಾರೆ. ಲಟ್ಟಿಸುವವರ ಕೈ ಜೋರು, ಹಾಳೆಗಳು ರಾಶಿ ಬೀಳುತ್ತವೆ. ತುಂಬುವ ಹೊತ್ತಿಗೆ ಅಂಚು ಒಣಗಿರುತ್ತದೆ. ಒಣಗಿದ ಅಂಚನ್ನು ಎಷ್ಟು ಒತ್ತಿದರೂ ಅಂಟುವುದಿಲ್ಲ, ಅಂಟಿದ ಹಾಗೆ ಕಾಣುತ್ತದೆ ಅಷ್ಟೇ. ಹಾಗಾಗಿ ಕಣಕವನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಒಂದು ಸಲಕ್ಕೆ ಐದಾರು ಹಾಳೆ ಮಾತ್ರ ಲಟ್ಟಿಸಿ. ಅಂಚಿಗೆ ಬೆರಳಿನಿಂದ ಹಾಲು ಸವರಿ. ನೀರು ಸುರಿಯಬೇಡಿ, ಜಾರುತ್ತದೆ. ತುಂಬಿದವನ್ನೂ ಕರಿಯುವವರೆಗೆ ಬಟ್ಟೆ ಮುಚ್ಚಿಯೇ ಇಡಿ.

ಇಷ್ಟಾದರೂ ಬಿಟ್ಟರೆ ಅಂಚಿನಲ್ಲಿ ಹೂರಣದ ಪುಡಿ ಸಿಕ್ಕಿದೆಯಾ ನೋಡಿ. ಒಂದೆರಡು ಕಾಳು ಗಸಗಸೆ ಸಿಕ್ಕರೂ ಸಾಕು, ಬಾಯಿ ಬಿಡುತ್ತದೆ. ಹೂರಣವನ್ನು ನಡುವೆ ಹಾಕಿ, ಮಡಚಿ, ನಡುವಿನಿಂದ ಅಂಚಿನ ಕಡೆ ಒತ್ತುತ್ತ ಗಾಳಿ ಹೊರಗೆ ಹಾಕಿ. ಆಮೇಲೆ ಮುಚ್ಚಿ. ಕತ್ತರಿಸುವ ಚಕ್ರವನ್ನೇ ಪೂರ್ತಿ ನಂಬಬೇಡಿ. ಅದು ಅಂದ ಕೊಡುತ್ತದೆ, ಭದ್ರ ಮಾಡುವುದು ಬೆರಳು. ಅಚ್ಚು ಬಳಸುವವರು ಅಚ್ಚಿನ ಅಂಚಿಗೆ ಎಣ್ಣೆ ಸವರುವುದನ್ನು ಬಿಡಿ. ಎಣ್ಣೆ ತಾಗಿದ ಕಣಕ ಕೂಡಿಕೊಳ್ಳುವುದಿಲ್ಲ.

ಮೇಲೆಲ್ಲ ಸಣ್ಣ ಗುಳ್ಳೆ ಎದ್ದರೆ ಅದು ದೋಷ ಅಂತ ಕೆಲವರು, ಚಂದ ಅಂತ ಕೆಲವರು. ನನಗೆ ಗುಳ್ಳೆ ಇರುವುದೇ ಇಷ್ಟ. ಬೇಡ ಅನ್ನುವವರು ಎಣ್ಣೆ ಬಿಸಿ ಇಳಿಸಿದರೆ ಕಡಿಮೆಯಾಗುತ್ತದೆ.

ಬಾಯಿ ಬಿಟ್ಟದ್ದನ್ನು ಝಾರಿಯಿಂದ ಕೂಡಲೇ ತೆಗೆಯಿರಿ. ಒಲೆ ಆರಿಸಿ, ಎಣ್ಣೆ ಪೂರ್ತಿ ಆರಿದ ಮೇಲೆ ಒಣ ಬಟ್ಟೆಯಲ್ಲಿ ಸೋಸಿ. ಬಿಸಿ ಎಣ್ಣೆಯನ್ನು ಪ್ಲಾಸ್ಟಿಕ್ ಜರಡಿಗೆ ಸುರಿಯಬೇಡಿ.

"ಕರಿದ ದಿನ ಗರಿಗರಿ, ಮಾರನೇ ದಿನ ಮೆತ್ತಗೆ"

ಇದು ಕರ್ಚಿಕಾಯಿಗೂ ಚಕ್ಕುಲಿಗೂ ಬರುವ ರೋಗ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದಿರಾ? ಚಳಿಯಲ್ಲಿ ಸ್ಟೀಲ್ ಡಬ್ಬಿಯ ಗೋಡೆ ತಣ್ಣಗಿರುತ್ತದೆ. ಒಳಗಿನ ಹಬೆ ಅದಕ್ಕೆ ತಾಗಿ ನೀರಾಗಿ ತಿಂಡಿಯ ಮೇಲೇ ಇಳಿಯುತ್ತದೆ. ಅಗಲ ತಾಟಿನಲ್ಲಿ ಹರಡಿ, ಕೈಗೆ ಪೂರ್ತಿ ತಣ್ಣಗೆ ಅನಿಸಿದ ಮೇಲೆ ತುಂಬಿ.

ಆರಿಸಿಯೇ ತುಂಬಿದ್ದರೆ ಉರಿ ನೋಡಿ. ದೊಡ್ಡ ಉರಿಯಲ್ಲಿ ಕರಿದದ್ದು ಬಣ್ಣ ಬೇಗ ತಿರುಗುತ್ತದೆ, ಒಳಗಿನ ನೀರಂಶ ಹೋಗಿರುವುದಿಲ್ಲ. ಆ ನೀರಂಶ ರಾತ್ರಿ ಹೊರಗೆ ಬಂದು ಮೆತ್ತಗೆ ಮಾಡುತ್ತದೆ. ಬಣ್ಣ ನೋಡಿ ತೆಗೆಯಬೇಡಿ, ಗುಳ್ಳೆ ನೋಡಿ ತೆಗೆಯಿರಿ. ಚಕ್ಕುಲಿ ಸುತ್ತ ಎಣ್ಣೆಯ ಸದ್ದು ಇಳಿದು ಗುಳ್ಳೆ ಕಡಿಮೆಯಾದರೆ ನೀರು ಹೋಗಿದೆ ಅಂತ ಅರ್ಥ. ಕಡಾಯಿ ಹತ್ತಿರ ಕೂತ ಅತ್ತಿಯವರು "ವೈನಿ, ಉರಿ ಜರಾ ಸಣ್ಣ ಮಾಡ್ರಿ" ಅಂತ ಪದೇಪದೇ ಹೇಳುವುದು ಇದಕ್ಕೇ.

ಕರ್ಚಿಕಾಯಿಯಲ್ಲಿ ಮೂರನೆಯ ಕಾರಣ ಹೂರಣ. ಕೊಬ್ಬರಿ ಬದಲು ಹಸಿ ತೆಂಗಿನಕಾಯಿ ಹಾಕಿದ್ದರೆ ಅದು ಒಂದೆರಡು ದಿನದ ತಿಂಡಿ, ಹೊಸ ವರ್ಷಕ್ಕೆ ಉಳಿಯುವುದಲ್ಲ. ಬೆಲ್ಲ ಹಾಕುವವರು ಗಟ್ಟಿ, ಒಣ ಬೆಲ್ಲ ಆರಿಸಿ. ಬೀದರ್ ಕಬ್ಬಿನ ಸೀಮೆ, ಹೊಸ ಬೆಲ್ಲ ಈ ಹೊತ್ತಿಗೇ ಬರುತ್ತದೆ, ರುಚಿಯೂ ಚೆನ್ನ. ಆದರೆ ಕೈಗೆ ಅಂಟುವ ಮೆದು ಬೆಲ್ಲ ಕರ್ಚಿಕಾಯಿಗೆ ಆಗಿಬರುವುದಿಲ್ಲ. ಕೊಬ್ಬರಿ, ಎಳ್ಳು, ಗಸಗಸೆಯನ್ನು ಬೇರೆ ಬೇರೆ ಹುರಿದು ಆರಿಸಿ, ಪುಟಾಣಿ ಪುಡಿ ಸೇರಿಸಿದರೆ ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ.

ಮೆತ್ತಗಾದದ್ದನ್ನು ಮತ್ತೆ ಕರಿಯಬೇಡಿ, ಎಣ್ಣೆ ಕುಡಿಯುತ್ತದೆ. ಒಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) 120 ಡಿಗ್ರಿಗೆ ಹತ್ತು ನಿಮಿಷ, ಇಲ್ಲವೇ ಸಣ್ಣ ಉರಿಯ ದಪ್ಪ ತವಾ ಮೇಲೆ ತಿರುಗಿಸುತ್ತ ಬೆಚ್ಚಗೆ ಮಾಡಿ ಆರಿಸಿದರೆ ಬಹುಪಾಲು ಸರಿಹೋಗುತ್ತದೆ.

"ಶಂಕರಪಾಳಿ ಹಲ್ಲು ಮುರಿಯುವಂತಿದೆ" ಅಥವಾ "ಎಣ್ಣೆಯಲ್ಲೇ ಪುಡಿಯಾಯಿತು"

ಇವೆರಡೂ ಒಂದೇ ತಕ್ಕಡಿಯ ಎರಡು ತಟ್ಟೆ. ತುಪ್ಪ ಕಡಿಮೆಯಾದರೆ ಗಟ್ಟಿ, ಜಾಸ್ತಿಯಾದರೆ ಪುಡಿ.

ಹಿಟ್ಟಿಗೆ ಬಿಸಿ ತುಪ್ಪ ಹಾಕಿ ತಿಕ್ಕಿದ ಮೇಲೆ, ನೀರು ಹಾಕುವ ಮೊದಲು, ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ ನೋಡಿ. ಮುದ್ದೆ ನಿಂತು, ಬೆರಳು ತಾಗಿಸಿದರೆ ಒಡೆಯಬೇಕು. ನಿಲ್ಲದಿದ್ದರೆ ತುಪ್ಪ ಸಾಲದು. ಅರ್ಧ ಕಿಲೋ ಮೈದಾಗೆ ನಾಲ್ಕೈದು ದೊಡ್ಡ ಚಮಚ ತುಪ್ಪ ಕರ್ಚಿಕಾಯಿಗೆ ಸಾಕು, ಶಂಕರಪಾಳಿಗೆ ಇನ್ನೂ ಬೇಕು. ಚಳಿಯಲ್ಲಿ ತುಪ್ಪವನ್ನು ಗಟ್ಟಿಯಾಗಿರುವಾಗಲೇ ಚಮಚದಲ್ಲಿ ಅಳೆದರೆ ಗುಡ್ಡೆ ನಿಂತು ಲೆಕ್ಕ ತಪ್ಪುತ್ತದೆ. ಕರಗಿಸಿ ಅಳೆಯಿರಿ.

ತುಪ್ಪ ಸರಿಯಿದ್ದೂ ಗಟ್ಟಿಯಾದರೆ ನಾದಿದ್ದು ಹೆಚ್ಚಾಗಿದೆ. ಇದು ಚಪಾತಿ ಹಿಟ್ಟಲ್ಲ, ಕೂಡಿಸಿ ಬಿಟ್ಟರೆ ಸಾಕು. ಎಣ್ಣೆಯಲ್ಲಿ ಕರಗುತ್ತಿದ್ದರೆ ಉಳಿದ ಕಣಕಕ್ಕೆ ಒಂದು ಹಿಡಿ ಮೈದಾ ಸೇರಿಸಿ, ಕಾಲು ಗಂಟೆ ಬಿಟ್ಟು, ಒಂದನ್ನು ಕರಿದು ನೋಡಿ. ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿದರೆ ಉರಿ ದೊಡ್ಡದು. ಸಕ್ಕರೆ ಇರುವ ಹಿಟ್ಟು ಬೇಗ ಬಣ್ಣ ತಿರುಗುತ್ತದೆ.

ಚಕ್ಕುಲಿ: ಒತ್ತುವಾಗ ತುಂಡು, ಎಣ್ಣೆಯಲ್ಲಿ ಸಿಡಿತ

ಒತ್ತುವಾಗ ತುಂಡಾದರೆ ನೀರು ಕಡಿಮೆ. ಕೈ ಒದ್ದೆ ಮಾಡಿ ನಾದಿ. ಮುಳ್ಳು ಮೂಡದೆ ನುಣ್ಣಗೆ ಬಂದರೆ ನೀರು ಜಾಸ್ತಿ. ಎಣ್ಣೆಯಲ್ಲಿ ಬಿಚ್ಚಿಕೊಂಡು ಎಣ್ಣೆ ಕುಡಿದರೆ ಬೆಣ್ಣೆ ಜಾಸ್ತಿ, ಅಕ್ಕಿ ಹಿಟ್ಟು ಸೇರಿಸಿ. ಕಲ್ಲಿನಂತಾದರೆ ಬೆಣ್ಣೆ ಸಾಲದು.

ಸಿಡಿದರೆ ಮಾತ್ರ ಹುಷಾರು. ಹಿಟ್ಟಿನೊಳಗೆ ಗಾಳಿ ಸೇರಿಕೊಂಡಿದ್ದರೆ, ಅಥವಾ ನೀರು ಒಂದೇ ಕಡೆ ನಿಂತಿದ್ದರೆ ಹಬೆ ದಾರಿ ಸಿಗದೆ ಒಡೆಯುತ್ತದೆ, ಬಿಸಿ ಎಣ್ಣೆ ಮುಖಕ್ಕೆ ಹಾರುತ್ತದೆ. ಒಂದು ಸಿಡಿದ ಕೂಡಲೇ ಉರಿ ಆರಿಸಿ, ದೂರ ನಿಲ್ಲಿ, ಬಗ್ಗಿ ನೋಡಬೇಡಿ. ಹಿಟ್ಟನ್ನು ಚಕ್ಕುಲಿ ಒತ್ತುವ ಒರಳಿನಿಂದ ತೆಗೆದು ಮತ್ತೆ ನಾದಿ, ಗಾಳಿ ಉಳಿಯದಂತೆ ಒತ್ತಿ ತುಂಬಿ. ಎರಡನೆಯ ಸಲವೂ ಸಿಡಿದರೆ ಆ ಹಿಟ್ಟನ್ನು ಕರಿಯುವ ಆಸೆ ಬಿಡಿ. ತವಾ ಮೇಲೆ ತಾಲಿಪಟ್ಟಿ ಹಾಗೆ ತಟ್ಟಿಕೊಂಡು ತಿನ್ನಬಹುದು, ರುಚಿಗೇನೂ ಮೋಸವಿಲ್ಲ.

"ಗುಲಾಬಿ ಹೂವು ಅಚ್ಚು ಬಿಡುತ್ತಿಲ್ಲ"

ಅಚ್ಚು ಕಾದಿಲ್ಲ, ಅಷ್ಟೇ. ಪ್ರತಿ ಸಲವೂ ಅಚ್ಚನ್ನು ಎಣ್ಣೆಯಲ್ಲಿ ಅರ್ಧ ನಿಮಿಷ ಇಟ್ಟು ಆಮೇಲೆ ಹಿಟ್ಟಿಗೆ ಅದ್ದಿ. ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಅಚ್ಚಿನ ಮೇಲಂಚು ದಾಟಿದರೆ ಹೂವು ಕಳಚುವುದೇ ಇಲ್ಲ. ಅದ್ದಿದಾಗ ಚುಂಯ್ ಅಂದು ಹಿಟ್ಟು ಹಿಡಿಯದೆ ಜಾರಿದರೆ ಅಚ್ಚು ಅತಿಯಾಗಿ ಕಾದಿದೆ. ಹೊಸ ಅಚ್ಚನ್ನು ಗಂಜಿಯಲ್ಲಿ ಒಂದು ರಾತ್ರಿ ನೆನೆಸಿ, ಒರೆಸಿ, ಮಾರನೇ ರಾತ್ರಿ ಎಣ್ಣೆಯಲ್ಲಿಟ್ಟು ಪಳಗಿಸಿ. ಅಂಗಡಿಯಿಂದ ತಂದ ದಿನವೇ ಕೆಲಸಕ್ಕೆ ಹಚ್ಚಿದರೆ ಅದು ಅಂಟುತ್ತದೆ, ಯಾರ ಕೈಯೂ ಕಾರಣವಲ್ಲ.

"ಉಂಡಿ ಕಟ್ಟಲು ಬರುತ್ತಿಲ್ಲ"

ಬೇಸನ್ ಉಂಡಿ ತಾಟಿನಲ್ಲಿ ಚಪ್ಪಟೆಯಾಗಿ ಕೂತರೆ ಸಕ್ಕರೆಯನ್ನು ಬಿಸಿ ಇರುವಾಗಲೇ ಹಾಕಿದ್ದೀರಿ, ಇಲ್ಲವೇ ತುಪ್ಪ ಜಾಸ್ತಿ. ಗಾಬರಿ ಬೇಡ. ನಮ್ಮ ಚಳಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದೆರಡು ಗಂಟೆ ಮುಚ್ಚಿಟ್ಟರೆ ತುಪ್ಪ ಬಿಗಿದು ಕಟ್ಟಲು ಬರುತ್ತದೆ. ಅಂಗುಳಿಗೆ ಅಂಟಿ ಹಸಿ ವಾಸನೆ ಬಂದರೆ ಹುರಿದದ್ದು ಸಾಲದು. ಅದಕ್ಕೆ ಚಳಿಯಲ್ಲಿ ಮದ್ದಿಲ್ಲ. ಸಕ್ಕರೆ ಹಾಕುವ ಮೊದಲೇ ಗೊತ್ತಾದರೆ ಮತ್ತೆ ಸಣ್ಣ ಉರಿಗೆ ಇಡಿ.

ರವಾ ಉಂಡಿ ಪುಡಿಪುಡಿ ಆದರೆ ಪಾಕ ಏರಿದೆ. ಒಂದೆಳೆ ಪಾಕ ಸಾಕಾಗಿತ್ತು. ಬಿಸಿ ಹಾಲು ಚಿಮುಕಿಸಿ ಕಟ್ಟಬಹುದು, ಆದರೆ ಹಾಲು ಬಿದ್ದ ಉಂಡಿಯನ್ನು ಎರಡು ದಿನದಲ್ಲಿ ಮುಗಿಸಿ. ಅದನ್ನು ಪಕ್ಕದ ಮನೆ ತಾಟಿಗೆ ಹಾಕಬೇಡಿ. ಅವರು ಎಂದು ತಿನ್ನುತ್ತಾರೋ ನಮಗೆ ಗೊತ್ತಿರುವುದಿಲ್ಲ ಅಲ್ವಾ?

"ಕೇಕ್ ನಡು ಕುಸಿದಿದೆ"

ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟಿದರೆ ಬೆಂದಿಲ್ಲ. ಒಣಗಿ ಬಂದು ನಡು ಮಾತ್ರ ತಗ್ಗಿದ್ದರೆ ಮೂರು ಕಾರಣಗಳನ್ನು ಈ ಕ್ರಮದಲ್ಲೇ ನೋಡಿ.

ಮೊದಲನೆಯದು ಮುಚ್ಚಳ. ಮಕ್ಕಳು, ಮಾವ, ನೆಂಟರು, ಎಲ್ಲರೂ ಒಂದೊಂದು ಸಲ ತೆರೆದು ನೋಡಿದರೆ ಕೇಕ್ ಏಳುವಾಗಲೇ ತಣ್ಣನೆ ಗಾಳಿ ಹೊಡೆದು ಕುಸಿಯುತ್ತದೆ. ಮೊದಲ ಅರ್ಧ ಗಂಟೆ ಯಾರೂ ಮುಟ್ಟಬಾರದು. ಎರಡನೆಯದು ಸೋಡಾ. ಜಾಸ್ತಿಯಾದರೆ ಬೇಗ ಉಬ್ಬಿ ಅಷ್ಟೇ ಬೇಗ ಇಳಿಯುತ್ತದೆ, ನಾಲಿಗೆಗೆ ಸಾಬೂನಿನ ರುಚಿ ಬರುತ್ತದೆ. ಒಂದು ಕಪ್ ಮೈದಾಗೆ ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ ಸಾಕು. ಸೋಡಾ ಆದರೆ ಕಾಲು ಚಮಚ, ಅದೂ ಮೊಸರೋ ಬೆಲ್ಲವೋ ಇರುವಾಗ. ಮೂರನೆಯದು ಕಾಯಿಸಿದ್ದು. ಹಿಟ್ಟು ಕಲಸಿ ಸಿದ್ಧ ಮಾಡಿಟ್ಟು, ಕುಕ್ಕರ್ ಬಿಸಿಯಾಗಲಿ ಅಂತ ಅರ್ಧ ಗಂಟೆ ಕೂತರೆ ಉಬ್ಬುವ ಶಕ್ತಿ ಬೋಗುಣಿಯಲ್ಲೇ ಮುಗಿದಿರುತ್ತದೆ.

ಬೀದರ್ ಎತ್ತರದ ಊರು, ಅದಕ್ಕೇ ಕೇಕ್ ಕುಸಿಯುತ್ತದೆ ಅನ್ನುವ ಮಾತು ಕೇಳುತ್ತೇವೆ. ಎತ್ತರಕ್ಕೆ ತಕ್ಕಂತೆ ಅಳತೆ ಬದಲಿಸಬೇಕಾಗುವುದು ಸುಮಾರು 900 ಮೀಟರ್ ದಾಟಿದ ಮೇಲೆ. ನಾವು ಅಷ್ಟು ಮೇಲಿಲ್ಲ.

ಕೇಕ್ ಏಳಲೇ ಇಲ್ಲ, ಇಟ್ಟಿಗೆಯಾಯಿತು ಅಂದರೆ ಚಳಿಯನ್ನು ಹಿಡಿಯಿರಿ. ಗಟ್ಟಿ ಬೆಣ್ಣೆ, ಸಕ್ಕರೆ ಸೇರಿಸಿ ಎಷ್ಟು ತಿರುವಿದರೂ ಗಾಳಿ ಹಿಡಿಯುವುದಿಲ್ಲ. ಬೆಣ್ಣೆ ಬೆರಳಿಗೆ ತಗ್ಗಬೇಕು, ಕರಗಿರಬಾರದು. ಬೆಳಗಿನ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ತಣ್ಣನೆ ತತ್ತಿ ಒಡೆದು ಹಾಕಿದಾಗ ಮಿಶ್ರಣ ಒಡೆದ ಹಾಲಿನಂತಾದರೆ ಚೆಲ್ಲಬೇಡಿ. ಬೋಗುಣಿಯನ್ನು ಬೆಚ್ಚನೆ ನೀರಿನ ಮೇಲಿಟ್ಟು, ಒಂದು ಚಮಚ ಮೈದಾ ಹಾಕಿ ತಿರುವಿದರೆ ಕೂಡಿಕೊಳ್ಳುತ್ತದೆ. ಮೈದಾ ಹಾಕಿದ ಮೇಲೆ ಮಾತ್ರ ಜಾಸ್ತಿ ಕಲಸಬೇಡಿ.

ಮೇಲೆ ಗೋಪುರ ಎದ್ದು ಬಿರುಕು ಬಿಟ್ಟರೆ ಬಿಸಿ ಹೆಚ್ಚು. ಹಣ್ಣು ತುಂಬಿದ ಪ್ಲಮ್ ಕೇಕಿಗೆ 160 ಡಿಗ್ರಿ, ತಾಳ್ಮೆ ಎರಡೂ ಬೇಕು. ಹಣ್ಣೆಲ್ಲ ತಳ ಸೇರಿದರೆ ಹಿಟ್ಟು ತೆಳುವಾಗಿದೆ, ಇಲ್ಲವೇ ಹಣ್ಣು ಒದ್ದೆಯಾಗಿದೆ. ಹಿಂಡಿ, ಸಣ್ಣಗೆ ಹೆಚ್ಚಿ, ಒಣ ಮೈದಾದಲ್ಲಿ ಹೊರಳಿಸಿ ಹಾಕಿ. ಬಣ್ಣಕ್ಕೆ ಸುಟ್ಟ ಸಕ್ಕರೆ ಕಹಿಯಾದರೆ ಅದನ್ನು ಯಾವ ಸಕ್ಕರೆಯೂ ಸರಿಮಾಡುವುದಿಲ್ಲ, ಹೊಸದು ಮಾಡಿ. ಸಕ್ಕರೆ ಜೇನಿನ ಬಣ್ಣ ದಾಟಿ ಕಂದಾದ ಕೂಡಲೇ ಒಲೆ ಆರಿಸಿ, ಬಿಸಿನೀರನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹಾಕಿ. ತಣ್ಣೀರು ಸುರಿದರೆ ಅದು ಚಿಮ್ಮಿ ಕೈಗೆ ಅಂಟಿ ಸುಡುತ್ತದೆ. ಕರಿದ ಎಣ್ಣೆಗಿಂತ ಅದು ಕೆಟ್ಟ ಗಾಯ.

"ಕುಕ್ಕರ್ ಕೇಕ್ ತಳ ಕರಿ, ಮೇಲೆ ಹಸಿ"

ಉರಿ ದೊಡ್ಡದು, ಪಾತ್ರೆ ತಳಕ್ಕೆ ತಾಗಿದೆ. ಕುಕ್ಕರ್ ತಳದಲ್ಲಿ ಎರಡು ಬೆರಳು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಆಮೇಲೆ ಕೇಕ್ ಪಾತ್ರೆ ಇಟ್ಟು ಸಣ್ಣ ಉರಿ ಮಾಡಿ. ತಳ ಮಾತ್ರ ಕರಿಯಾಗಿದ್ದರೆ ಚಾಕುವಿನಿಂದ ಕೆರೆದು ಉಳಿದದ್ದನ್ನು ತಿನ್ನಬಹುದು.

ಇಲ್ಲಿ ಸುರಕ್ಷತೆಯ ಮಾತು ಮುಖ್ಯ. ನೀರಿಲ್ಲದ ಕುಕ್ಕರಿನಲ್ಲಿ ರಬ್ಬರ್ ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದಿರಬೇಕು. ಗ್ಯಾಸ್ಕೆಟ್ ಬಿಟ್ಟರೆ ಕರಗಿ ಹೊಗೆ ಬರುತ್ತದೆ. ಗಾಜಿನ ಪಾತ್ರೆ ಬೇಡ. ಸುಟ್ಟ ರಬ್ಬರಿನ ವಾಸನೆ ಬಂದರೆ ಒಲೆ ಆರಿಸಿ, ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ದಿನದ ಅಡುಗೆಯ ಒಳ್ಳೆ ಕುಕ್ಕರನ್ನು ಇದಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಣ ಕಾಯಿಸಿದರೆ ತಳ ಸೊಟ್ಟಗಾಗಬಹುದು. ದಪ್ಪ ತಳದ ಹಳೆ ಪಾತ್ರೆಗೆ ತಟ್ಟೆ ಮುಚ್ಚಿದರೂ ಕೇಕ್ ಆಗುತ್ತದೆ.

ಒಟಿಜಿ ಇದ್ದೂ ಬೇಯದಿದ್ದರೆ ಸಂಜೆ ವೋಲ್ಟೇಜ್ ನೋಡಿ. ಒಳಗಿನ ಕಡ್ಡಿಗಳು ಕೆಂಪಗಾಗದೆ ಮಂಕಾಗಿದ್ದರೆ ಕರೆಂಟ್ ಸಾಲದು. ಬೆಳಗ್ಗೆ ಬೇಗ ಇಡಿ. ಒಟಿಜಿಯನ್ನು ದೊಡ್ಡ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಕ್ರಿಸ್ಮಸ್ ನಕ್ಷತ್ರದ ದೀಪ ಹಾಕಿದ ಎಕ್ಸ್‌ಟೆನ್ಷನ್ ಬೋರ್ಡಿಗೇ ಇದನ್ನೂ ಸಿಕ್ಕಿಸಬೇಡಿ. ಪ್ಲಗ್ ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.

ಎರಡು ಸಲ ಕೇಕ್ ಕೆಟ್ಟರೆ ಮೂರನೆಯ ಸಲದ ಮೈದಾ, ಬೆಣ್ಣೆ ಹಾಳು ಮಾಡುವ ಮೊದಲು ಓಣಿಯ ಬೇಕರಿಯಲ್ಲಿ ಕೇಳಿ ನೋಡಿ. ನಮ್ಮ ಹಿಟ್ಟನ್ನು ಅವರ ಭಟ್ಟಿಯಲ್ಲಿ ಬೇಯಿಸಿಕೊಡುವವರು ಸಿಕ್ಕರೆ ಕೆಲಸ ಹಗುರ. 24ರಂದು ಹೋದರೆ ಜಾಗ ಸಿಗದು, ಎರಡು ದಿನ ಮೊದಲೇ ಹೋಗಿ.

"ನೆನೆಸಿದ ಹಣ್ಣಿನಲ್ಲಿ ನೊರೆ ಬಂದಿದೆ"

ಮೆಥೋಡಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಮನೆಗಳಲ್ಲಿ ರಮ್ ಬಳಸದೆ ಕಿತ್ತಳೆ ಅಥವಾ ದ್ರಾಕ್ಷಿ ರಸದಲ್ಲಿ ಒಣಹಣ್ಣು ನೆನೆಸುವವರು ಬಹಳ. ಆದರೆ ರಮ್ಮಿನ ಅಳತೆಯ ದಿನಗಳನ್ನು ರಸಕ್ಕೂ ಹಚ್ಚಬಾರದು. ರಮ್ಮಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಹಣ್ಣು ರಸದಲ್ಲಿ ಹೊರಗಿಟ್ಟರೆ ಹುಳಿಯುತ್ತದೆ. ಒಂದು ರಾತ್ರಿ ಸಾಕು. ಹೆಚ್ಚು ದಿನ ಬೇಕಾದರೆ ಫ್ರಿಜ್, ಅದೂ ಮೂರ್ನಾಲ್ಕು ದಿನ. ನೊರೆ, ಹುಳಿ ವಾಸನೆ, ಮೇಲೆ ಬಿಳಿ ಪದರ, ಯಾವುದು ಕಂಡರೂ ಚೆಲ್ಲಿ. ಬಾಟಲಿಯ ಮುಚ್ಚಳ ಉಬ್ಬಿದ್ದರೆ ಮುಖ ದೂರ ಇಟ್ಟುಕೊಂಡು ನಿಧಾನಕ್ಕೆ ಸಡಿಲಿಸಿ.

"ಎಣ್ಣೆ ನೊರೆ ಬರುತ್ತಿದೆ, ಹೊಗೆಯಾಡುತ್ತಿದೆ"

ಗಾಣದ ಕುಸುಬೆ ಎಣ್ಣೆಯಾದರೆ ಹೊಗೆ ಬೇಗ ಬರುತ್ತದೆ. ಅದು ಒಗ್ಗರಣೆಗೆ, ಚಟ್ನಿಪುಡಿ ಮೇಲೆ ಹಾಕಿಕೊಳ್ಳಲು ಚೆಂದ. ಗಂಟೆಗಟ್ಟಲೆ ಕರಿಯಲು ಶೇಂಗಾ ಎಣ್ಣೆ ಅಥವಾ ರಿಫೈನ್ಡ್ ಎಣ್ಣೆ ಇರಲಿ. ಹಳೆ ಎಣ್ಣೆಗೆ ಹೊಸದು ಬೆರೆಸಿದ್ದರೆ ನೊರೆ ಅದರಿಂದಲೇ. ವ್ಯಾಪಾರಕ್ಕೆ ಕರಿಯುವವರ ಎಣ್ಣೆಯಲ್ಲಿ ಪೋಲಾರ್ ಅಂಶ (ಪದೇಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹೆಚ್ಚುವ ಅಂಶ) ಶೇ. 25 ಮೀರಬಾರದು ಅಂತ 2018ರಿಂದ ನಿಯಮವಿದೆ. ಮನೆಯಲ್ಲಿ ಅದನ್ನು ಅಳೆಯಲಾಗದು. ಬಣ್ಣ ಕಪ್ಪಾದರೆ, ಜಿಗಿ ಬಂದರೆ, ಆರಿದಾಗಲೂ ಘಾಟು ಇದ್ದರೆ ಬಿಟ್ಟುಬಿಡಿ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಕಡಾಯಿ ಎತ್ತಿಕೊಂಡು ಓಡಲೂಬಾರದು. ಕೈಗೆ ಎಟುಕಿದರೆ ಒಲೆ ಆರಿಸಿ, ದೊಡ್ಡ ಸ್ಟೀಲ್ ತಟ್ಟೆ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಆರದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡಿ.

ಕೈ ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಅರಿಸಿನ, ಐಸ್ ಯಾವುದೂ ಬೇಡ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಮುಖ ಅಥವಾ ಕೀಲಿನ ಮೇಲಿದ್ದರೆ, ಮಗುವಿಗಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ. ಗಾಡಿ ಇಲ್ಲದಿದ್ದರೆ 108.

"ಉರಿಯೇ ಏರುತ್ತಿಲ್ಲ"

ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾದರೆ ಬರ್ನರ್ ರಂಧ್ರ ಕಟ್ಟಿದೆ. ಒಲೆ ಆರಿ ತಣ್ಣಗಾದ ಮೇಲೆ ಬರ್ನರ್ ತೆಗೆದು ತೊಳೆದು, ಪೂರ್ತಿ ಒಣಗಿಸಿ ಇಡಿ. ಉರಿ ನೀಲಿಯಾಗಿಯೇ ಸಣ್ಣದಾಗಿದ್ದರೆ ಸಿಲಿಂಡರ್ ಮುಗಿಯುತ್ತ ಬಂದಿದೆ. ಚಳಿಯಲ್ಲಿ ಒಳಗಿನ ಒತ್ತಡ ಕಡಿಮೆ ಇರುವುದರಿಂದ ಕೊನೆಕೊನೆಗೆ ಇದು ಹೆಚ್ಚು ಕಾಣುತ್ತದೆ. ಎರಡು ಒಲೆ ಬದಲು ಒಂದನ್ನೇ ಹಚ್ಚಿ. ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು, ಇಂಥ ಉಪಾಯ ಯಾರು ಹೇಳಿದರೂ ಮಾಡಬೇಡಿ. ಗ್ಯಾಸ್ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಲೈಟಿನ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇದ್ದಿಲ ಒಲೆ ಹಚ್ಚುವವರು ಅಂಗಳದಲ್ಲೇ ಹಚ್ಚಿ. ಚಳಿ ಅಂತ ಒಳಗೆ ತಂದು ಬಾಗಿಲು ಹಾಕಿದರೆ ವಾಸನೆಯೇ ಇಲ್ಲದ ವಿಷ ಅನಿಲ ಕೋಣೆಯಲ್ಲಿ ತುಂಬುತ್ತದೆ. ತಲೆನೋವು, ತಲೆಸುತ್ತು ಅನಿಸಿದರೆ ಕೂಡಲೇ ಹೊರಗೆ ಬನ್ನಿ.

"ಬಿರಿಯಾನಿ ತಳ ಹಿಡಿದಿದೆ"

ಕಲಕಬೇಡಿ. ಒಲೆಯಿಂದ ಇಳಿಸಿ ಪಾತ್ರೆಯನ್ನು ಒದ್ದೆ ಬಟ್ಟೆ ಮೇಲೆ ಹತ್ತು ನಿಮಿಷ ಕೂರಿಸಿ. ಮೇಲಿನ ಮುಕ್ಕಾಲು ಭಾಗವನ್ನು ಅಗಲ ತಟ್ಟೆಯಿಂದ ಬೇರೆ ಪಾತ್ರೆಗೆ ತೆಗೆಯಿರಿ. ತಳ ಕೆರೆಯಬೇಡಿ. ಊಟ ಮುಗಿದ ಮೇಲೆ ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಚಳಿ ಇದೆ ಅಂತ ಅಡುಗೆಮನೆಯಲ್ಲೇ ರಾತ್ರಿ ಬಿಡಬೇಡಿ.

"ಜನವರಿಗೆ ಡಬ್ಬಿ ತೆರೆದರೆ ವಾಸನೆ"

ಕರಿದ ತಿಂಡಿ ಹಳೆ ಬಣ್ಣದ ಡಬ್ಬಿಯಂಥ ಘಾಟು ಹೊಡೆದರೆ ಎಣ್ಣೆ ಕಮಟಾಗಿದೆ. ಬಿಸಿ ಮಾಡಿದರೂ ಹೋಗುವುದಿಲ್ಲ. ಕೊಬ್ಬರಿ ಇದ್ದ ಕರ್ಚಿಕಾಯಿಗೆ ಇದು ಮೊದಲು ಬರುತ್ತದೆ, ಹಾಗಾಗಿ ಅದನ್ನು ಮೊದಲು ಮುಗಿಸಿ, ಚಕ್ಕುಲಿಯನ್ನು ಕೊನೆಗೆ ಇಡಿ. ಕೇಕಿನ ಮೇಲೆ ಹಸಿರೋ ಬಿಳಿಯೋ ಬೂಷ್ಟು ಕಂಡರೆ ಆ ಭಾಗ ಕತ್ತರಿಸಿ ಉಳಿದದ್ದು ತಿನ್ನುವುದು ಬೇಡ, ಬೇರು ಒಳಗೆ ಹೋಗಿರುತ್ತದೆ. ಉಂಡಿ ಬರೀ ಗಟ್ಟಿಯಾಗಿದ್ದರೆ ದೋಷವಲ್ಲ, ತುಪ್ಪ ಬಿಗಿದಿದೆ. ಡಬ್ಬಿಯನ್ನು ಸ್ವಲ್ಪ ಹೊತ್ತು ಬೆಚ್ಚನೆ ಜಾಗದಲ್ಲಿಟ್ಟು ತಿನ್ನಿ.